ನೆರಳು ಬೀಳದ ಗೋಡೆ

ಟೈಲರಮ್ಮ ಬಸ್ಸಿಗೆ ಕಾಯುತ್ತಾ ಕೂತಿದ್ದಳು. ಪಕ್ಕದಲ್ಲೇ ಗಾರೆ ಮೇಸ್ತ್ರಿಗೂ ಅವನ ಭಾವನಿಗೂ ಜೋರು ಮಾತು. ಕಿವಿಗೇನು ಬಾಗಿಲಿದೆಯೇ?

“ಹೊರಗಿನವರು ಬಂದು ನಮ್ಮವರ ಹೊಟ್ಟೆ ಮೇಲೆ ಹೊಡೀತಿದ್ದಾರೆ,” ಅಂದ ಭಾವ.

“ನಾನೂ ಹಾಗೇ ಅಂತಿದ್ದೆ ಭಾವ. ತಪ್ಪು ಹುಡುಕೋಣ ಅಂತ ನಮ್ಮ ಗುಂಪಿಗೆ ಹೊರಗಿಂದ ಬಂದು ಸೇರಿದ ಆ ಹೊಸಬ ಪ್ಲಾಸ್ಟರಿಂಗ್ ಮಾಡಿದ ಗೋಡೆಗೆ ಟಾರ್ಚ್ ಒತ್ತಿ ಹಿಡಿದು ಪಕ್ಕದಿಂದ ಬೆಳಕು ಬಿಟ್ಟೆ. ಉಬ್ಬುತಗ್ಗಿದ್ರೆ ನೆರಳು ಬೀಳಬೇಕಲ್ಲ? ಎಲ್ಲೂ ಬೀಳ್ಲಿಲ್ಲ. ಕನ್ನಡಿ ಕಣ್ರೀ, ಕನ್ನಡಿ!”

“ಹಾಗಾದ್ರೆ ನಿನ್ನ ಕೆಲಸ ಹೋಯ್ತು ಬಿಡು.”

“ಎಲ್ಲಿ ಹೋಯ್ತು? ಅವನ ಕೈ ನೋಡಿ ಇಡೀ ಬೀದಿಯೇ ನಮ್ಮನ್ನ ಕರೀತಿದೆ. ಆಳು ಸಾಲದೆ ತಾನೆ ನಿಮ್ಮ ಮಗನನ್ನೂ ಸೇರಿಸ್ಕೊಂಡಿದ್ದು?”

ಭಾವ ಚೀಲ ಎತ್ತಿಕೊಂಡ. ಬಸ್ಸು ಬಂತು.

“ನಮ್ಮ ಹಜಾರದ ಗೋಡೆ ಉದುರ್ತಿದೆ ಮಾರಾಯ.”

“ನಾಳೆ ನಾನೇ ಬರ್ತೀನಿ.”

“ನೀನ್ಯಾಕೆ? ಅವನನ್ನೇ ಕಳಿಸು,” ಅಂದವನೇ ಭಾವ ಬಸ್ಸು ಹತ್ತಿದ.