ಯಾರ ಎಡ?

ಇದು ನಡೆದದ್ದು ಹೋದ ವರ್ಷ, ಚಳಿ ಆಗಷ್ಟೇ ಶುರುವಾಗಿದ್ದ ಒಂದು ಮಂಗಳವಾರ ರಾತ್ರಿ. ಎಲ್ಲೋ ಕೇಳಿದ್ದಲ್ಲ, ನಮ್ಮ ಬೀದಿಯಲ್ಲೇ ಆದದ್ದು. ಯಾರಿಗೆ ಆಯಿತೋ ಅವನು ಇನ್ನೂ ಇದ್ದಾನೆ. ಇಲ್ಲಿಂದ ಮೂರನೇ ಮನೆ.

ಅರೆಡಾಕ್ಟರ್ ದೊಡ್ಡಾಸ್ಪತ್ರೆಯಿಂದ ಒಬ್ಬನೇ ನಡೆದು ಬರುತ್ತಿದ್ದ. ಕಡೇ ಬಸ್ಸು ಹೋಗಿಬಿಟ್ಟಿತ್ತು. ಕಂಕುಳಲ್ಲಿ ಸ್ಕ್ಯಾನ್ ಫಿಲ್ಮಿನ ದೊಡ್ಡ ಕವರು. ಹೆಜ್ಜೆ ಹಾಕಿದಂತೆಲ್ಲ ಒಳಗೆ ಫಿಲ್ಮು ಬಳುಕುತ್ತಿತ್ತು. ವಬ್... ವಬ್... ತೆಳು ತಗಡು ಅಲುಗಿದ ಹಾಗೆ. ಹಳೇ ಬಾವಿಯ ತಿರುವಿಗೆ ಬಂದಾಗ ಅವನು ನಿಂತ. ಫಿಲ್ಮಿನ ಸದ್ದೂ ನಿಂತಿತು. ಇನ್ನೊಂದು ಸದ್ದು ನಿಲ್ಲಲಿಲ್ಲ.

ಪುಚ್... ಸರ್ರ್... ಪುಚ್... ಸರ್ರ್...

ಬಟ್ಟೆಗೆ ಸೂಜಿ ಚುಚ್ಚಿ ದಾರ ಎಳೆಯುವ ಸದ್ದು.

ಇರಲಿ. ಬಾವಿಕಟ್ಟೆಯ ಮೇಲೆ ಯಾರಿದ್ದರು ಎನ್ನುವುದಕ್ಕೆ ಮೊದಲು ಈ ಅರೆಡಾಕ್ಟರ್ ಎಂಥವನು ಎಂದು ಹೇಳಿಬಿಡಬೇಕು.

ಅವನದು ಔಷಧಿ ಅಂಗಡಿ. ಮಾತ್ರೆಗಿಂತ ಮಾತು ಹೆಚ್ಚು. ಬೀದಿಯಲ್ಲಿ ಯಾರೇ ಎಕ್ಸ್‌ರೇ ತೆಗೆಸಲಿ, ಸ್ಕ್ಯಾನ್ ಮಾಡಿಸಲಿ, ಮನೆಗೆ ಹೋಗುವ ಮೊದಲು ಫಿಲ್ಮನ್ನು ಅವನಿಗೆ ತೋರಿಸುವುದು ರೂಢಿ. ಅವನು ಅದನ್ನು ಅಂಗಡಿಯ ಟ್ಯೂಬ್‌ಲೈಟಿಗೆ ಹಿಡಿದು, ಕತ್ತು ಓರೆ ಮಾಡಿ, "ಹ್ಞೂಂ" ಎನ್ನುತ್ತಿದ್ದ. ಆಮೇಲೆ, "ಡಾಕ್ಟರ್ ಏನಂದ್ರು?" ಅವರು ಏನೆಂದಿದ್ದರೂ ಇವನ ಉತ್ತರ ಒಂದೇ. "ಅವರಿಗೇನು ಗೊತ್ತು!" ಡಾಕ್ಟರನ್ನು ತಪ್ಪೆನ್ನುವುದಷ್ಟೇ ಅವನು ಕಲಿತ ವೈದ್ಯ. ಇಷ್ಟು ವರ್ಷ ಸಿಕ್ಕಿಬೀಳದೆ ಇದ್ದದ್ದಕ್ಕೆ ಕಾರಣವೂ ಸರಳ. ಬಂದವೆಲ್ಲ ಮೊಣಕಾಲು, ಮೊಣಕೈ. ಅವನು ಎಡ ಬಲ ತಪ್ಪಿದರೂ ನೋಯುವ ಕಾಲು ಯಾವುದೆಂದು ಕಾಲಿನವನಿಗೇ ಗೊತ್ತಿರುತ್ತಿತ್ತು. ತಲೆಯ ವಿಷಯ ಹಾಗಲ್ಲ.

ಅವನ ತಂಗಿಯ ಗಂಡ ಟೈಲರ್. ಗಂಡ ಹೊಲಿಯುವುದು, ಹೆಂಡತಿ ರಾತ್ರಿ ಮನೆಯಲ್ಲಿ ಕೂತು ಗುಂಡಿ ಹಚ್ಚುವುದು. ಆ ಅಂಗಡಿಯ ಕೆಲಸ ನಡೆಯುತ್ತಿದ್ದುದೇ ಹಾಗೆ. ಆ ಭಾನುವಾರ ಅಂಗಡಿ ಮುಚ್ಚುವಾಗ ಶಟರ್ ಜಾರಿ ಟೈಲರನ ತಲೆಗೆ ಬಡಿದಿತ್ತು. ಗಾಯವಿಲ್ಲ, ಬರೀ ತಲೆನೋವು. ಮಾತ್ರೆ ಕೊಟ್ಟವನು ಭಾವನೇ. ಎರಡು ದಿನ ನುಂಗಿ ಟೈಲರ್ ಕೆಲಸಕ್ಕೆ ಕೂತ. ಅರೆಡಾಕ್ಟರನಿಗೇ ಒಂದು ಬಿಳಿ ಶರ್ಟು ಹೊಲಿಯುತ್ತಿದ್ದ. ಗುಂಡಿ ತೂರಿಸುವ ಕಾಜಾ ಮುಗಿದಿತ್ತು, ಗುಂಡಿ ಬಾಕಿ. ಮಂಗಳವಾರ ಮಧ್ಯಾಹ್ನ ಎಡಗೈ ಮರಗಟ್ಟಿ, ಮಷೀನಿನ ಮೇಲೆ ಮುಖ ಇಟ್ಟು ಮಲಗಿದವನು ಏಳಲಿಲ್ಲ. ಅಂಗಡಿಗೆ ಬೀಗ ಹಾಕಿ, ಬೀಗದ ಕೈ ಚೀಲದಲ್ಲಿಟ್ಟುಕೊಂಡು ತಂಗಿ ಆಸ್ಪತ್ರೆಗೆ ಓಡಿದಳು.

ರಾತ್ರಿ ಸ್ಕ್ಯಾನ್ ಬಂತು. ಡ್ಯೂಟಿಯಲ್ಲಿದ್ದ ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ, ಬೆರಳಿಟ್ಟು ಹೇಳಿದಳು.

"ನೋಡಿಮ್ಮ, ಬಿದಿಗೆ ಚಂದ್ರನ ಥರ ಬೆಳ್ಳಗೆ ಕಾಣ್ತಿದೆಯಲ್ಲ, ಅದು ರಕ್ತ. ಬುರುಡೆಗೂ ಮೆದುಳಿಗೂ ನಡುವೆ ಕಟ್ಟಿಕೊಂಡಿದೆ. ಬಲಗಡೆ. ಮೆದುಳನ್ನ ಆ ಕಡೆಗೆ ತಳ್ತಾ ಇದೆ. ಆ ರಕ್ತ ತೆಗೆದ್ರೆ ಉಳಿಸಬಹುದು. ಆದ್ರೆ ಈಗಲೇ ತೆಗೀಬೇಕು. ಬೆಳಗಿನ ತನಕ ಕಾಯೋ ಹಾಗಿಲ್ಲ. ನೀವು ಸಹಿ ಹಾಕಿದ್ರೆ ಒಳಗೆ ಕರ್ಕೊಂಡು ಹೋಗ್ತೀವಿ."

"ಮಾತಾಡ್ತಾರಾ?" ಎಂದಳು ತಂಗಿ.

"ಮಾತಾಡ್ತಾರೆ ಅನ್ನೋ ಭರವಸೆ ನನಗಿದೆ."

ತಂಗಿ ಪೆನ್ನಿಗೆ ಕೈ ಚಾಚಿದಳು. ಅಷ್ಟರಲ್ಲಿ ಅರೆಡಾಕ್ಟರ್ ಫಿಲ್ಮನ್ನು ಕಿತ್ತುಕೊಂಡು ಸೀಲಿಂಗಿನ ದೀಪಕ್ಕೆ ಹಿಡಿದ. ಹೆಬ್ಬೆರಳು ಫಿಲ್ಮಿನ ಎಡ ಅಂಚಿನ ಮೇಲಿತ್ತು. ಕತ್ತು ಓರೆಯಾಯಿತು.

"ಹ್ಞೂಂ... ಬಲಗಡೆ ಅಂದ್ಯಲ್ಲಮ್ಮ. ಇದ್ಯಾವ ಕಡೆ?"

ಬಿಳಿ ಚಂದ್ರ ಫಿಲ್ಮಿನ ಎಡಗಡೆ ಇತ್ತು.

"ಸಾರ್, ಫಿಲ್ಮಲ್ಲಿ ಕಾಣೋ ಎಡ ಅಂದ್ರೆ..."

"ಎಡ ಅಂದ್ರೆ ಎಡ! ಅದಕ್ಕೂ ಕಾಲೇಜಿಗೆ ಹೋಗ್ಬೇಕಾ? ನಿನ್ನ ವಯಸ್ಸಿನಷ್ಟು ವರ್ಷ ಮಾತ್ರೆ ಮಾರಿದ್ದೀನಿ ನಾನು."

ಪಕ್ಕದ ವಾರ್ಡಿನಲ್ಲಿ ಯಾರಿಗೋ ಉಸಿರು ಕಟ್ಟಿ, ನರ್ಸು ಬಂದು ಡಾಕ್ಟರನ್ನು ಎಳೆದುಕೊಂಡು ಹೋದಳು. ಇವನಿಗೆ ಅಷ್ಟೇ ಸಾಕಾಯಿತು. ತಂಗಿಯನ್ನು ಕಾರಿಡಾರಿನ ಮೂಲೆಗೆ ಕರೆದೊಯ್ದ.

"ನೀನೇ ನೋಡೇ. ನಿನ್ನ ಗಂಡಂಗೆ ಬಿದ್ದಿರೋದು ಯಾವ ಕೈ?"

"ಎಡಗೈ."

"ಫಿಲ್ಮಲ್ಲಿ ರಕ್ತ ಯಾವ ಕಡೆ?"

"ಎಡಗಡೆ..."

"ಅವಳು ಕೊಯ್ಯೋದು?"

ತಂಗಿ ಬಾಯಿಗೆ ಸೆರಗು ಒತ್ತಿಕೊಂಡಳು.

"ಬಲಗಡೆ! ಎಡ ಬಲ ಗೊತ್ತಿಲ್ಲದೋಳ ಕೈಗೆ ಗಂಡನ ತಲೆ ಕೊಡ್ತೀಯಾ? ಸಹಿ ಹಾಕ್ಬೇಡ. ಬೆಳಿಗ್ಗೆ ನಂಗೆ ಗೊತ್ತಿರೋ ದೊಡ್ಡ ಡಾಕ್ಟರಿಗೆ ಫಿಲ್ಮು ತೋರಿಸ್ತೀನಿ."

"ಬೆಳಗಿನ ತನಕ ಕಾಯೋ ಹಾಗಿಲ್ಲ ಅಂದ್ರಲ್ಲಣ್ಣ."

"ಹೆದರಿಸೋದೇ ಅವರ ಕೆಲಸ. ನಿಮ್ಮಣ್ಣ ಇನ್ನೂ ಸತ್ತಿಲ್ಲ."

ಡಾಕ್ಟರ್ ಮತ್ತೆ ಎರಡು ಸಲ ಬಂದು ಕೇಳಿದಳು. ಎರಡು ಸಲವೂ ತಂಗಿ ಅಣ್ಣನ ಮುಖ ನೋಡಿದಳು. ಅಣ್ಣ ತಲೆ ಅಡ್ಡ ಆಡಿಸಿದ. ಆಮೇಲೆ ಗೆದ್ದವನ ಹಾಗೆ ಕವರನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮನೆಯ ದಾರಿ ಹಿಡಿದ.

ಬಾವಿಯ ತಿರುವಿಗೆ ಬಂದದ್ದು ಹೀಗೆ.

ಪುಚ್... ಸರ್ರ್...

ಆ ಬಾವಿಗೆ ಕಬ್ಬಿಣದ ಜಾಲರಿ ಮುಚ್ಚಿ ವರ್ಷಗಳಾಗಿವೆ. ಕಟ್ಟೆಯ ಪಕ್ಕ ಒಂದು ಬೀದಿದೀಪ. ದೀಪದ ಕೆಳಗೆ ಒಬ್ಬ ಬಗ್ಗಿ ಕೂತಿದ್ದ. ತೊಡೆಯ ಮೇಲೆ ಬಿಳಿ ಬಟ್ಟೆ. ಕೈ ಮೇಲೆ ಹೋಗುತ್ತಿತ್ತು, ಕೆಳಗೆ ಬರುತ್ತಿತ್ತು. ಮುಖ ಕಾಣುತ್ತಿರಲಿಲ್ಲ. ಆದರೆ ಕೂತ ಭಂಗಿ... ಭುಜ ಒಂದಿಷ್ಟು ಮೇಲೆ, ಕತ್ತು ಒಂದಿಷ್ಟು ಕೆಳಗೆ... ಅದನ್ನು ಅವನು ಅಂಗಡಿಯಲ್ಲಿ ದಿನಾ ನೋಡಿದವನು.

"ಯಾರದು?" ಎಂದ.

"ಭಾವ..."

ಪಿಸುಮಾತು. ಹತ್ತಿರದಿಂದ ಬಂದ ಹಾಗೆ. ತೀರಾ ಕಿವಿಯ ಹತ್ತಿರದಿಂದ.

ಟೈಲರ್ ಹೊಲಿಯುತ್ತಿದ್ದುದು ಎಡಗೈಯಲ್ಲಿ. ಜನ್ಮದಲ್ಲಿ ಆತ ಎಡಗೈಯಲ್ಲಿ ಸೂಜಿ ಹಿಡಿದವನಲ್ಲ. ಅದು ಮಧ್ಯಾಹ್ನ ಮರಗಟ್ಟಿದ ಕೈ.

"ರಕ್ತ ಯಾವ ಕಡೆ, ಭಾವ?"

"ಎ... ಎಡಗಡೆ."

ಸೂಜಿ ನಿಂತಿತು.

"ಯಾರ ಎಡ?"

ಎದುರಿಗೆ ಕೂತವನು ಎಡಗೈಯನ್ನು ನಿಧಾನವಾಗಿ ಎತ್ತಿ ಹಿಡಿದ. ಆತನ ಎಡಗೈ... ಇವನ ಬಲಕ್ಕಿತ್ತು.

ಅರೆಡಾಕ್ಟರನ ಕಂಕುಳಿಂದ ಕವರು ಜಾರಿತು. ಫಿಲ್ಮು ಅರ್ಧ ಹೊರಗೆ ಬಂತು, ವಬ್ ಎಂದು. ಅವನು ಬಗ್ಗಿ ಎತ್ತಿ ದೀಪಕ್ಕೆ ಹಿಡಿದ. ಎಡ ಅಂಚಿನಲ್ಲಿ ಅವನದೇ ಹೆಬ್ಬೆರಳಿನ ಜಿಡ್ಡಿನ ಗುರುತು. ಆ ಗುರುತಿನ ಅಡಿಯಲ್ಲಿ ಇಂಗ್ಲಿಷಿನ ಒಂದೇ ಒಂದು ಅಕ್ಷರ. 'ರೈಟ್', ಅಂದರೆ ಬಲ ಎನ್ನುವುದರ ಮೊದಲಕ್ಷರ.

ಸ್ಕ್ಯಾನ್ ಫಿಲ್ಮು ಅಂದರೆ ರೋಗಿ ನಮಗೆ ಎದುರಾಗಿ ಇದ್ದ ಹಾಗೆ. ಅವನ ಬಲ ನಮ್ಮ ಎಡಕ್ಕೆ ಬರುತ್ತದೆ. ಮೆದುಳಿನ ಬಲಭಾಗ ನಡೆಸುವುದು ಎಡಗೈಯನ್ನು. ಆ ಹುಡುಗಿ ಹೇಳಿದ್ದೂ ಸರಿ, ಬಿದ್ದ ಕೈಯೂ ಸರಿ, ಫಿಲ್ಮೂ ಸರಿ. ಅಲ್ಲಿ ತಪ್ಪಾಗಿ ಇದ್ದದ್ದು ಒಬ್ಬನೇ ಮನುಷ್ಯ.

ಟಕ್.

ಹಲ್ಲಿನಿಂದ ದಾರ ಕಡಿದ ಸದ್ದು.

"ಆರಾಯ್ತು, ಭಾವ... ಇನ್ನೊಂದಿದೆ."

ಅವನು ಓಡಿದ. ಮನೆ ಸೇರಿ ಬಾಗಿಲು ಹಾಕಿ, ಮಂಚದ ಮೇಲೆ ಕೂತ. ಫೋನು ಅಂಗಿಯ ಜೇಬಿನಲ್ಲೇ ಇತ್ತು. ತಂಗಿಯ ನಂಬರು ಒತ್ತಿ "ಸಹಿ ಹಾಕೇ" ಎಂದರೆ ಮುಗಿಯುತ್ತಿತ್ತು. ಎರಡೇ ಮಾತು.

ಈಗ ಕೇಳಿ. ಸತ್ತವರು ಬಂದು ಕಾಡಿದ ಕತೆ ಎಲ್ಲರೂ ಹೇಳುತ್ತಾರೆ. ಇದು ಹಾಗಲ್ಲ. ಆ ಹೊತ್ತಿಗೆ ಟೈಲರ್ ಬದುಕಿದ್ದ. ಆಸ್ಪತ್ರೆಯ ಮಂಚದ ಮೇಲೆ, ಹೆಂಡತಿಯ ಕಣ್ಣೆದುರಿಗೆ, ಉಸಿರಾಡುತ್ತಿದ್ದ. ಡಾಕ್ಟರ್ ಕೆಳಗಿನ ಮಹಡಿಯಲ್ಲೇ ಇದ್ದಳು.

ಅರೆಡಾಕ್ಟರ್ ಫೋನನ್ನು ಕೈಯಲ್ಲಿ ಹಿಡಿದು ಏನು ಮಾಡಿದ ಗೊತ್ತೆ? ಏನು ಹೇಳುವುದೆಂದು ಯೋಚಿಸಿದ. ತಪ್ಪಾಯಿತು ಎನ್ನದೆ ಸಹಿ ಹಾಕು ಎನ್ನುವುದು ಹೇಗೆ ಎಂದು. "ದೊಡ್ಡ ಡಾಕ್ಟರಿಗೆ ಫೋನ್ ಮಾಡಿದ್ದೆ, ಅವರು ಹೇಳಿದ್ರು" ಎನ್ನೋಣ ಎಂದುಕೊಂಡ. ಈ ಸರಿರಾತ್ರಿಯಲ್ಲಿ ಯಾವ ಡಾಕ್ಟರ್ ಎಂದು ಕೇಳಿದರೆ? ಬೆಳಗಾಗಲಿ, ಆಗ ಆ ಮಾತು ನಂಬುವ ಹಾಗಿರುತ್ತದೆ ಎಂದು ಫೋನನ್ನು ದಿಂಬಿನಡಿ ಇಟ್ಟ. ಮಲಗಿದ. ನಿದ್ದೆಯೂ ಬಂತಂತೆ. ಅಂಥವರಿಗೆ ಬರುತ್ತದೆ.

ಕೋಳಿ ಕೂಗುವ ಹೊತ್ತಿಗೆ ತಂಗಿಯೇ ಫೋನು ಮಾಡಿದಳು. ಅಳುತ್ತಿರಲಿಲ್ಲ.

"ಅಣ್ಣ, ದೊಡ್ಡ ಡಾಕ್ಟರಿಗೆ ತೋರಿಸೋದು ಬೇಡ."

ಅಷ್ಟೇ ಹೇಳಿದಳು.

ಬೀದಿಗೆ ಅವನು ಹೇಳಿದ್ದು ಬೇರೆ. "ಕೊಯ್ಸಿದ್ರೂ ಉಳೀತಿರ್ಲಿಲ್ಲ ಬಿಡಿ. ನಾನು ಫಿಲ್ಮು ನೋಡಿದ್ದೆನಲ್ಲ." ಜನ ಹೌದು ಹೌದು ಎಂದರು. ಈಗಲೂ ಫಿಲ್ಮು ತಂದು ತೋರಿಸುತ್ತಾರೆ. ಅವನೂ ನೋಡುತ್ತಾನೆ. ನಾಚಿಕೆಗೆ ಸಾಯುವವರು ಬೇರೆ ಜನ.

ಹದಿನೈದು ದಿನದ ಮೇಲೆ ತಂಗಿ ಅಂಗಡಿಯ ಬೀಗ ತೆಗೆದಳು. ಬೀಗದ ಕೈ ಅಲ್ಲಿಯವರೆಗೆ ಅವಳ ಚೀಲ ಬಿಟ್ಟು ಕದಲಿರಲಿಲ್ಲ. ಜೊತೆಗೆ ನಮ್ಮಮ್ಮ ಹೋಗಿದ್ದಳು, ಅರೆಡಾಕ್ಟರನೂ ಬಂದಿದ್ದ. ಶಟರ್ ಎತ್ತಿದಾಗ ಮುಗ್ಗಲು ವಾಸನೆ. ಮಷೀನಿನ ಮೇಲೆ ಆತ ಮುಖ ಇಟ್ಟಿದ್ದ ಜಾಗದಲ್ಲಿ ಬಿಳಿ ಶರ್ಟು ಮಡಿಸಿಟ್ಟಿತ್ತು. ತಂಗಿ ಅದನ್ನು ಬಿಡಿಸಿದಳು. ನೋಡಿದಳು.

"ನಾನು ಇದಕ್ಕೆ ಗುಂಡಿ ಹಚ್ಚಿಲ್ಲ," ಎಂದಳು.

ಅರೆಡಾಕ್ಟರ್ ಹಿಂದೆ ಸರಿದು ಗೋಡೆಗೆ ಒರಗಿದ. ಬಾವಿಯ ವಿಷಯ ಅವನ ಬಾಯಿಂದ ಬಂದದ್ದು ಅಲ್ಲೇ, ಆಗಲೇ. ಬಡಬಡ ಎಂದು ಪೂರ್ತಿ ಹೇಳಿದ, ನಿದ್ದೆ ಬಂದದ್ದನ್ನೂ ಬಿಡದೆ. ತಂಗಿ ಕೇಳಿಸಿಕೊಂಡಳು. ಶರ್ಟನ್ನು ಮತ್ತೆ ಮಡಿಸಿ ಅವನ ಕೈಗಿಟ್ಟಳು.

"ನಿನ್ನ ಶರ್ಟು, ಅಣ್ಣ. ತಗೋ."

ಅಂದಿನಿಂದ ಅವಳು ಅವನ ಜೊತೆ ಮಾತಾಡಿಲ್ಲ.

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆ ಶರ್ಟನ್ನು ನಮ್ಮಮ್ಮ ಕೈಯಲ್ಲಿ ಹಿಡಿದು ನೋಡಿದ್ದಾಳೆ. ಗಂಡಸರ ಶರ್ಟಿಗೆ ಗುಂಡಿ ಇರುವುದು ಬಲಗಡೆ, ಕಾಜಾ ಎಡಗಡೆ. ಇದರಲ್ಲಿ ಬಲಗಡೆ ಏನೂ ಇರಲಿಲ್ಲ. ಗುಂಡಿಗಳೆಲ್ಲ ಎಡಗಡೆಯೇ ಇದ್ದವು, ಒಂದೊಂದು ಕಾಜಾದ ಬಾಯಿಯನ್ನೂ ಮುಚ್ಚಿ, ಅದರ ಮೇಲೇ ಗಟ್ಟಿಯಾಗಿ ಹೊಲಿದು. ಅಮ್ಮ ಎಣಿಸಿದಳು.

ಏಳು.