ಹಕ್ಕಿಗಿಟ್ಟ ಬಟ್ಟಲು ನೀರು

ಬಾಗಿಲು ಮುಂದೆ ಮಾಡಿ, ಹತ್ತಿರ ಬನ್ನಿ. ಜೋರಾಗಿ ಹೇಳೋ ಮಾತಲ್ಲ ಇದು. ನನ್ನ ಚಿಕ್ಕಮ್ಮನ ಮಗಳು ಮಬ್ರೂಕಾಗೆ ಆದದ್ದು. ಅವಳ ಬಾಯಿಂದಲೇ ಕೇಳಿದ್ದು.

ದ್ರಾಕ್ಷಿ ಕೊಯ್ಲಿನ ಕಾಲ. ಕತ್ತಲಾದ ಮೇಲೆ ಮಬ್ರೂಕಾ ತೋಟದಿಂದ ಒಬ್ಬಳೇ ಮನೆಗೆ ಬರುತ್ತಿದ್ದಳು. ಹಳೇ ಬಾವಿ ದಾಟುವಾಗ ರಾಟೆಯ ಸದ್ದು ಕೇಳಿಸಿತು. ಕಿರ್ರ್... ಕಿರ್ರ್... ಯಾರೋ ನಿಧಾನಕ್ಕೆ ಹಗ್ಗ ಎಳೆಯುವ ಹಾಗೆ.

ಆ ಬಾವಿಗೆ ರಾಟೆಯೇ ಇರಲಿಲ್ಲ. ಫ್ರಾನ್ಸಿನಿಂದ ಬಂದ ಪರಂಗಿ ದೊರೆ ಅದನ್ನು ಕೀಳಿಸಿ, ಬಾವಿಯ ಬಾಯಿಗೆ ಹಲಗೆ ಜಡಿಸಿ, ಕಬ್ಬಿಣದ ಪಂಪು ಕೂರಿಸಿ ಎಷ್ಟೋ ಕಾಲವಾಗಿತ್ತು.

ಬೇರೆ ಯಾರಾದರೂ ಆಗಿದ್ದರೆ ಓಡಿಬಿಡುತ್ತಿದ್ದರು. ಅವಳಿಗೆ ಹೆದರಿಕೆ ಬರಲಿಲ್ಲ. ಬೇಸಿಗೆಯಿಂದ ಈಚೆಗೆ ಅವಳಿಗೆ ಏನೂ ಬರುತ್ತಿರಲಿಲ್ಲ. ಅಳು ಇಲ್ಲ, ಹಸಿವಿಲ್ಲ. ಕೈ ತನ್ನಷ್ಟಕ್ಕೆ ಗೊಂಚಲು ಕತ್ತರಿಸುತ್ತಿತ್ತು, ಕಾಲು ತನ್ನಷ್ಟಕ್ಕೆ ಮನೆಗೆ ಬರುತ್ತಿತ್ತು.

ಬೇಸಿಗೆಯಲ್ಲಿ ಅವಳ ಮಗಳು ಖೈರಾ ಜ್ವರ ಬಂದು ಹೋಗಿಬಿಟ್ಟಿತು. ಇನ್ನೂ ಮೊಲೆ ಬಿಡದ ಕೂಸು. ನಮ್ಮಲ್ಲಿ ಹೂಳುವಾಗ ಹೆಂಗಸರು ಹೋಗುವುದಿಲ್ಲ. ಗಂಡಸರು ಹೂತು ಬರುತ್ತಾರೆ. ಆಮೇಲೆ ಶುಕ್ರವಾರ ಬಂದರೆ ನಾವು ಹೋಗಿ, ಗೋರಿಯ ತಲೆದೆಸೆಗೆ ಮಣ್ಣಿನ ಬಟ್ಟಲಲ್ಲಿ ನೀರಿಡುತ್ತೇವೆ. ಹಕ್ಕಿ ಕುಡಿದರೆ ಒಳಗೆ ಮಲಗಿದವರ ಬಾಯಾರಿಕೆ ತಣಿಯಿತು ಅಂತ. ಮಬ್ರೂಕಾ ಬಟ್ಟಲು ತೊಳೆದು ಶುಕ್ರವಾರಕ್ಕೆ ಕಾಯುತ್ತಿದ್ದಳು. ಅಷ್ಟರಲ್ಲಿ ದೊರೆಯ ಆಳುಗಳು ಗೋರಿಗುಡ್ಡದ ಸುತ್ತ ತಂತಿ ಬೇಲಿ ಎಳೆದರು. ಸರ್ಕಾರ ಗುಡ್ಡವನ್ನೂ ಅವನಿಗೇ ಬರೆದುಕೊಟ್ಟಿತ್ತಂತೆ. ಗೋರಿಯ ಕಲ್ಲೆಲ್ಲ ಗಾಡಿಗೆ ಹೇರಿ, ದ್ರಾಕ್ಷಿ ಹೆಂಡ ಇಡುವ ಉಗ್ರಾಣದ ಗೋಡೆಗೆ ಹಾಕಿಬಿಟ್ಟರು. ತನ್ನ ಕೂಸಿನ ಗೋರಿಯನ್ನು ಅವಳು ಒಮ್ಮೆಯೂ ಕಣ್ಣಿಂದ ನೋಡಲಿಲ್ಲ.

ಆ ಸಂಜೆ ತೋಟ ಬಿಡುವ ಮುಂಚೆ, ಜೊತೆಯಲ್ಲಿ ಕೊಯ್ಯುತ್ತಿದ್ದ ತಾವೂಸ್ ಸುದ್ದಿ ತಂದಿದ್ದಳು.

"ಕೇಳಿದ್ಯೇನೇ? ನಾಳೆ ಬೆಳಿಗ್ಗೆ ಗುಡ್ಡ ಉಳ್ತಾರಂತೆ. ಆಳುದ್ದ ಅಗೀತಾರಂತೆ. ಅಲ್ಲೂ ದ್ರಾಕ್ಷಿನೇ."

"ಇನ್ನೂ ಎಷ್ಟು ಕುಡೀತಾರೆ ಇವರು?"

"ಅವರಿಗೇನು ಬಿಡು. ಕುಡಿಯೋರು ಅವರು, ತಲೆ ತಿರುಗೋದು ನಮಗೆ."

ತಾವೂಸ್ ನಕ್ಕಳು. ಮಬ್ರೂಕಾ ನಗಲಿಲ್ಲ.

ಮನೆಗೆ ಬಂದರೆ ಗಂಡ ಬೂಜಮಾ ಗೋಡೆಗೆ ಒರಗಿ ಕೂತಿದ್ದ. ಅವನದೂ ಅದೇ ತೋಟದ ಕೂಲಿ. ಅವನ ಅಪ್ಪನ ಕಾಲಕ್ಕೆ ಆ ತೋಟವೆಲ್ಲ ಇವರದೇ ಬಾರ್ಲಿ ಹೊಲವಾಗಿತ್ತು.

"ಹೂತವನು ನೀನು. ಎಲ್ಲಿ ಅಂತ ಹೇಳು," ಅಂದಳು.

"ಅಂಜೂರದ ಮರದ ಕೆಳಗೆ."

"ಮರ ಎಲ್ಲಿದೆ?"

"ಕಡಿದಾಯ್ತಲ್ಲ."

"ಯಾರು ಕಡಿದಿದ್ದು?"

ಅವನು ತನ್ನ ಅಂಗೈ ನೋಡಿಕೊಂಡ. "ನಾನೇ. ಮೇಸ್ತ್ರಿ ಹೇಳಿದ. ಬೇರು ಸಮೇತ ಕಿತ್ವಿ. ಈಗ ಎಲ್ಲಾ ಒಂದೇ ಥರ ಕಾಣುತ್ತೆ, ಮಬ್ರೂಕಾ. ಎಲ್ಲಿ ಅಂತ ನನಗೂ ಗೊತ್ತಿಲ್ಲ."

ಅವಳು ಬೈಯಲಿಲ್ಲ. ಸೊಂಟಕ್ಕೆ ಕಟ್ಟಿದ್ದ ಕೊಯ್ಲಿನ ಕುಡುಗೋಲು ಬಿಚ್ಚದೆ ಹಾಗೇ ಹೊರಟಳು.

"ಸತ್ತವರನ್ನ ಕದಲಿಸಬಾರದು ಕಣೇ," ಅಂದ ಅವನು.

"ನಾನು ಕದಲಿಸದಿದ್ರೆ ನೇಗಿಲು ಕದಲಿಸುತ್ತೆ."

ಅವನು ಏಳಲಿಲ್ಲ.

ಬಾವಿಗೆ ಬಂದು ಪಂಪು ಒತ್ತಿದಳು. ಠಕ್... ಠಕ್... ತೊಳೆದಿಟ್ಟ ಬಟ್ಟಲು ಮನೆಯಲ್ಲೇ ಉಳಿದಿತ್ತು, ಕೈಗೆ ಸಿಕ್ಕಿದ್ದು ತೋಟದ ತಗಡಿನ ಲೋಟ. ಅದಕ್ಕೇ ನೀರು ಹಿಡಿದು, ಬೇಲಿ ಸಡಿಲವಾದ ಕಡೆ ತೂರಿ ಗುಡ್ಡಕ್ಕೆ ಹೋದಳು. ತಮ್ಮವರು ಮಲಗಿದ ಕಡೆ ನೀರಿಟ್ಟರೆ ಇಟ್ಟವರಿಗೆ ಗೊತ್ತಾಗದೇ ಇರದು ಅಂತ ಹಿರಿಯರು ಹೇಳುತ್ತಿದ್ದರಲ್ಲ. ಅಷ್ಟೇ ಅವಳಿಗಿದ್ದ ಧೈರ್ಯ. ಲೋಟ ಇಟ್ಟಳು, ನೆಲಕ್ಕೆ ಕಿವಿ ಕೊಟ್ಟಳು. ಏನಿಲ್ಲ. ನಾಕು ಹೆಜ್ಜೆ ಸರಿದಳು, ಇಟ್ಟಳು. ಏನಿಲ್ಲ. ಗುಡ್ಡವೆಲ್ಲ ಸುತ್ತಿದಳು... ಒಂದು ಜೀರುಂಡೆ ಕೂಡ ಉಸಿರೆತ್ತಲಿಲ್ಲ.

ಕೆಳಗೆ ಬಾವಿಯಲ್ಲಿ ಮತ್ತೆ... ಕಿರ್ರ್... ಕಿರ್ರ್...

ಇಳಿದು ಬಂದಳು. ಹಲಗೆ ಜಡಿದ ಬಾವಿಕಟ್ಟೆಯ ಮೇಲೆ ಒಬ್ಬ ಮುದುಕಿ ಕೂತಿದ್ದಳು. ಗದ್ದದ ಮೇಲೆ ಹಳೇ ಕಾಲದ ಹಚ್ಚೆ. ಪಕ್ಕದಲ್ಲಿ, ಆಳುಗಳು ಗುಡ್ಡದಿಂದ ತಂದು ಸುರಿದಿದ್ದ ಗೋರಿಯ ಬಟ್ಟಲುಗಳ ರಾಶಿ, ಒಡೆದವು, ಬಿರಿದವು.

"ಯಾರನ್ನ ಹುಡುಕ್ತೀಯ, ತಂಗಿ?" ಪಿಸುಮಾತು.

"ನನ್ನ ಕೂಸನ್ನ."

"ಏನದು ಕೈಲಿ?"

"ನೀರು."

"ಮೂಸಿ ನೋಡು."

ಮೂಸಿದಳು. ಹೆಂಡದ ನಾತ. ಹಗಲೆಲ್ಲ ಮೇಸ್ತ್ರಿ ಹೆಂಡದ ತೊಟ್ಟಿಗೆ ಅದ್ದಿ ಅದ್ದಿ ರುಚಿ ನೋಡುವ ಲೋಟ. ದಿನಾ ಅದರಲ್ಲೇ ನೀರು ಕುಡಿದು ಕುಡಿದು ಅವಳ ಮೂಗು ಸತ್ತುಹೋಗಿತ್ತು.

"ನೀನು ಕುಡೀತೀಯ, ಸರಿ. ಅಲ್ಲಿರೋರು ಮುಟ್ತಾರಾ?" ಅಂದಳು ಮುದುಕಿ. ರಾಶಿಯೊಳಗಿಂದ ಒಂದು ಬಟ್ಟಲು ಆರಿಸಿ ಕೊಟ್ಟಳು. ಅಂಚು ಸ್ವಲ್ಪ ಒಡೆದಿತ್ತು. "ನನ್ನದು. ತಗೋ. ನನಗಂತೂ ಇಡೋರು ಯಾರೂ ಉಳಿದಿಲ್ಲ."

ಬಟ್ಟಲಲ್ಲಿ ಆಗಲೇ ನೀರಿತ್ತು. ತಣ್ಣಗೆ, ಬಾವಿ ತಳದ ನೀರು.

"ನೀವೂ ಗುಡ್ಡದಲ್ಲೇ..." ಅಂದಳು ಮಬ್ರೂಕಾ. ಪೂರ್ತಿ ಕೇಳಿಬಿಟ್ಟರೆ ಇವಳಿಗೂ ಮಾಡಬೇಕಾಗುತ್ತದೆ, ಇಬ್ಬರನ್ನ ಹೊರುವ ತ್ರಾಣ ತನಗಿಲ್ಲ ಅಂತ ಅನ್ನಿಸಿತಂತೆ. ತಿರುಗಿ ನೋಡದೆ ಗುಡ್ಡ ಹತ್ತಿದಳು.

ಇಟ್ಟಳು. ಕಿವಿ ಕೊಟ್ಟಳು. ಏನಿಲ್ಲ. ಮುಂದಕ್ಕೆ. ಏನಿಲ್ಲ. ಇನ್ನೂ ಮುಂದಕ್ಕೆ...

ಚಪ್... ಚಪ್... ಚಪ್...

ಹಕ್ಕಿ ಕುಡಿಯುವ ಸದ್ದಲ್ಲ ಅದು. ಕೂಸು ಮೊಲೆ ಚೀಪುವ ಸದ್ದು. ನಡುವೆ ಒಮ್ಮೆ ನಿಂತು, ಉಸಿರು ಬಿಟ್ಟು, ಮತ್ತೆ ಶುರು. ಖೈರಾ ಹಾಗೇ ಕುಡಿಯುತ್ತಿತ್ತು. ಬಟ್ಟಲ ನೀರು ಇಳಿಯುತ್ತಾ ಇತ್ತು. ಬೇಸಿಗೆಯಲ್ಲೇ ಬತ್ತಿದ್ದ ಅವಳ ಎದೆಯ ಮೇಲೆ ಬಟ್ಟೆ ಒದ್ದೆಯಾಯಿತು.

ಆಗಲೂ ಅಳು ಬರಲಿಲ್ಲ. ಕುಡುಗೋಲಿನಿಂದ ಮಣ್ಣು ಕೆದರಿದಳು. ಬಿಳೀ ಬಟ್ಟೆಯ ಪುಟ್ಟ ಗಂಟು ಸಿಕ್ಕಿತು. ಬಿಚ್ಚಿ ನೋಡಲಿಲ್ಲ. ಹೊಲಕ್ಕೆ ಕಟ್ಟಿಕೊಂಡು ಹೋಗುವ ರೊಟ್ಟಿ ಗಂಟಿನಷ್ಟೂ ತೂಕವಿರಲಿಲ್ಲ. ಹಳ್ಳದಾಚೆ ಬರೀ ಕಲ್ಲುದಿಣ್ಣೆ ಇದೆ, ಯಾವ ದೊರೆಗೂ ಬೇಡದ ಜಾಗ. ಅಲ್ಲಿ ಒಂದು ಗುಂಡಿ ತೋಡಿ ಮಲಗಿಸಿ, ಒಂದು ಕಲ್ಲು ನಿಲ್ಲಿಸಿ, ಮುದುಕಿಯ ಬಟ್ಟಲು ತುಂಬಿಸಿ ತಲೆದೆಸೆಗೆ ಇಟ್ಟು ಬಂದಳು.

ಬೂಜಮಾ ಬಾಗಿಲಿಗೆ ಬಂದು ಕೂತಿದ್ದ.

"ಸಿಕ್ಕಿತಾ?"

"ಸಿಕ್ಕಿತು."

ಬೆಳಕು ಹರಿಯುವಾಗ ಗುಡ್ಡದ ಕಡೆಯಿಂದ ನೇಗಿಲಿನ ಸರಪಳಿ ಸದ್ದು ಬರುತ್ತಿತ್ತು, ಝಣ್... ಝಣ್... ಹೇಸರಗತ್ತೆಗಳನ್ನು ಬೈಯುವ ದನಿ. ಬೂಜಮಾ ಆವತ್ತು ಕೂಲಿಗೆ ಹೋಗಲಿಲ್ಲ. ಮನೆಯಲ್ಲಿ ತೊಳೆದಿಟ್ಟಿದ್ದ ಬಟ್ಟಲು ತೆಗೆದುಕೊಂಡು ಹೆಂಡತಿಯ ಹಿಂದೆ ಹಳ್ಳ ದಾಟಿದ. ದಿಣ್ಣೆಯ ಮೇಲೆ ನಿಂತು ನೆಲ ನೋಡಿದ.

"ಎರಡು ಯಾಕೆ ತೋಡಿದೆ?"

"ಒಂದೇ ತೋಡಿದ್ದು," ಅಂದಳು ಮಬ್ರೂಕಾ.

ಸಣ್ಣ ದಿಬ್ಬದ ಪಕ್ಕದಲ್ಲಿ ಇನ್ನೊಂದು ದಿಬ್ಬವಿತ್ತು. ದೊಡ್ಡವರ ಅಳತೆಯದು. ಮಣ್ಣು ಇನ್ನೂ ಹಸಿ. ಸುತ್ತ ಹೆಜ್ಜೆ ಗುರುತಿಲ್ಲ. ಅಂಚು ಒಡೆದ ಬಟ್ಟಲು ಕೂಸಿನ ತಲೆದೆಸೆಯಲ್ಲಿ ಇರಲಿಲ್ಲ, ಈ ಹೊಸ ದಿಬ್ಬದ ಮೇಲಿತ್ತು. ಖಾಲಿ.

ಮಬ್ರೂಕಾ ಮೊದಲು ಅದಕ್ಕೆ ನೀರು ತುಂಬಿದಳು. ಆಮೇಲೆ ಬೂಜಮಾ ತಂದ ಮಗಳ ಬಟ್ಟಲಿಗೆ.

ಈಗ ಅವಳೂ ಇಲ್ಲ. ಶುಕ್ರವಾರ ನಾನೇ ಹೋಗಿ ಎರಡಕ್ಕೂ ನೀರಿಟ್ಟು ಬರುತ್ತೇನೆ. ನಂಬಿ, ಬಿಡಿ. ದೊಡ್ಡ ದಿಬ್ಬದ ಬಟ್ಟಲು ನನ್ನ ಕಣ್ಣೆದುರೇ ಖಾಲಿಯಾಗುತ್ತದೆ. ಹಕ್ಕಿ ಮಾತ್ರ ನಾನು ಒಂದನ್ನೂ ಕಂಡಿಲ್ಲ.