ಬಾಯಿ ಬಿಟ್ಟ ಹೆಜ್ಜಾರ್ಲೆ

ಕಣ್ಣು ಮುಚ್ಚಬೇಡ! ಯೂಲಾ, ತೆಗಿ... ತೆಗಿಯೇ ಕಣ್ಣು! ಅಯ್ಯೋ, ಯಾರಿಗೆ ಹೇಳ್ತಿದ್ದೀನಿ ನಾನು. ನೀನು ಕಣ್ಣು ಮುಚ್ಚಿದ ಮೇಲೆ ನನ್ನ ಮಾತು ನಿನಗೆ ಎಲ್ಲಿಂದ ಮುಟ್ಟಬೇಕು! ಇಗೋ, ಮೇಜು ಕುಟ್ತೀನಿ. ತಟ್ಟೆ ಕುಣಿದ್ರೆ ಕುಣೀಲಿ, ಕಾಫಿ ಚೆಲ್ಲಿದ್ರೆ ಚೆಲ್ಲಲಿ...

ಹಾಂ. ತೆಗೆದೆ. ಸದ್ಯ.

ಇದೊಂದು ನನಗೆ ಇವತ್ತಿಗೂ ಸರಿಹೋಗಿಲ್ಲ ನೋಡು. ಊರಲ್ಲಿರೋ ಗಂಡಸರೆಲ್ಲ ಹೆಂಡತಿ ಮಾತು ಕಿವಿಗೆ ಹಾಕಿಕೊಳ್ಳದೆ ಆರಾಮಾಗಿ ಬದುಕ್ತಾರೆ. ನನ್ನ ಮನೇಲಿ ಎಲ್ಲ ಉಲ್ಟಾ. ಕಿವಿ ಕೇಳದ ಹೆಂಡತಿ ಕಣ್ಣು ಮುಚ್ಚಿದಳೋ, ಮುಗೀತು, ಜಗಳ ಅವಳೇ ಗೆದ್ದಳು! ನಾನು ಗೋಡೆಗೆ ಒದರಿಕೊಂಡು ಕೂತಿರಬೇಕು. ಮೋಸ ಕಣೇ ಇದು, ಶುದ್ಧ ಮೋಸ.

ಯಾಕೆ ನಗ್ತೀಯ? ಏನಂದೆ ನಾನು? ಫೋರ್ಕ್ ಹಿಡಿದ ಕೈಯಲ್ಲಿ ‘ಧಣಿ’ ಅನ್ನೋಕೆ ಹೋಗಿ ‘ಹಂದಿ’ ಅಂತ ಸನ್ನೆ ಮಾಡಿದ್ನಾ? ಆಗಲೇ, ಕ್ರಾಂಡಲ್ ವಿಷಯ ಎತ್ತಿದಾಗಾ? ಇರಲಿ ಬಿಡು. ತಪ್ಪೇನೂ ಆಗಿಲ್ಲ.

ಆಯ್ತು, ಮೊದಲಿಂದ ಹೇಳ್ತೀನಿ. ನನ್ನ ತುಟಿ ನೋಡ್ತಾ ಇರು. ಕೈಗೆ ಇವತ್ತು ಸುಸ್ತು, ಅರ್ಧ ಬಾಯಲ್ಲಿ ಹೇಳ್ತೀನಿ, ಅರ್ಧ ಕೈಯಲ್ಲಿ.

ಡಿಗ್ಬಿ ಮಾತಾಡಬೇಕಂತೆ.

ಹೂಂ. ನಮ್ಮ ಡಿಗ್ಬಿ. ಪರದೆ ಮೇಲೆ ಕುಣಿಯೋಕೆ ನಾನೇ ಬರೆದ ಹೆಜ್ಜಾರ್ಲೆ! ಹುಟ್ಟಿದಾಗಿನಿಂದ ಒಂದು ಕಿಕ್ ಅಂದಿಲ್ಲ, ಪಿಕ್ ಅಂದಿಲ್ಲ. ಅವನು ಮಾತಾಡಬೇಕಂತೆ! ಥಿಯೇಟರಿನವರು ಕೇಳ್ತಾರಂತೆ. “ಹಾರ್ಲನ್, ಇದು ಸಾವಿರದ ಒಂಬೈನೂರ ಮೂವತ್ತನೇ ಇಸವಿ” ಅಂತಾನೆ ನಮ್ಮ ಸ್ಟುಡಿಯೋ ಧಣಿ ಕ್ರಾಂಡಲ್. ನನಗೆ ಗೊತ್ತಿಲ್ಲದೇ ಇರೋ ಹಾಗೆ! “ಹಾರ್ಲನ್, ಈಗ ಇಲಿ ಹಾಡುತ್ತೆ, ಕಪ್ಪೆ ಹಾಡುತ್ತೆ, ಬೇಲಿಯ ಗೂಟ ಸಮೇತ ಹಾಡುತ್ತೆ. ನಿನ್ನ ಹಕ್ಕಿ ಒಂದೇ ಯಾಕೆ ಮೂಗನ ಹಾಗೆ ನಿಂತಿರುತ್ತೆ?”

ಮೂಗನ ಹಾಗೆ ಅಂದ ಯೂಲಾ. ನನ್ನ ಮುಖಕ್ಕೇ.

ಏನು ಹೇಳಲಿ? ಅವನಿಗೆ ಡಿಗ್ಬಿ ಅಂದ್ರೆ ಅರ್ಥ ಆಗಿದ್ದರಲ್ಲವೇ. ಡಿಗ್ಬಿ ಸುಮ್ಮನಿರ್ತಾನೆ ಅಂತ ಯಾರು ಹೇಳಿದ್ದು? ಕೊಕ್ಕು ತೆಗೆದ್ರೆ ಮಾತಿನ ಬದಲು ವಸ್ತು ಬರುತ್ತೆ, ಅಷ್ಟೆ. ಹಸಿವಾಯ್ತಾ, ಕೊಕ್ಕಿನ ಕೆಳಗಿನ ಚೀಲದಿಂದ ತಟ್ಟೆ ತೆಗೀತಾನೆ. ಸಿಟ್ಟು ಬಂತಾ, ಇಸ್ತ್ರಿಪೆಟ್ಟಿಗೆ ತೆಗೀತಾನೆ, ಹೊಗೆ ಬರ್ತಿರುತ್ತೆ. ಆ ಕೊಕ್ಕರೆ ಹುಡುಗಿ ಕಣ್ಣಿಗೆ ಬಿದ್ದಳಾ, ಒಂದಾದಮೇಲೊಂದು ಎರಡು ಕುರ್ಚಿ ತೆಗೆದು, ಕರವಸ್ತ್ರದಲ್ಲಿ ಧೂಳು ಒರೆಸಿ ಹಾಕ್ತಾನೆ! ಇದಕ್ಕಿಂತ ಚೆನ್ನಾಗಿ ಯಾವನು ಬಾಯಲ್ಲಿ ಹೇಳ್ತಾನೆ? ಕೊನೆಗೆ, ಎಲ್ಲ ಮುಗಿದ ಮೇಲೆ, ನಮ್ಮ ಕಡೆ ತಿರುಗಿ ಕೊಕ್ಕು ಅಗಲಿಸಿ ತೋರಿಸ್ತಾನೆ. ಖಾಲಿ. ಇನ್ನೇನೂ ಇಲ್ಲ, ಮನೆಗೆ ಹೋಗ್ರಪ್ಪಾ ಅಂತ. ತಟ್ ಅಂತ ಮುಚ್ಚಿದ ಅಂದ್ರೆ ಸುತ್ತಲೂ ಕಪ್ಪು ವೃತ್ತ ಕಿರಿದಾಗ್ತಾ ಬಂದು ಪರದೆ ಕಪ್ಪಾಗುತ್ತೆ. ಆ ‘ತಟ್’ ಕೂಡ ಕೇಳಿಸಬೇಕಾಗಿಲ್ಲ. ನೋಡಿದ್ರೇ ಗೊತ್ತಾಗುತ್ತೆ.

ನಿನ್ನ ಮುಂದೆ ಇದನ್ನ ಹೇಳ್ತೀನಲ್ಲ, ನನಗೇನು ಹುಚ್ಚು. ಡಿಗ್ಬಿಯ ಚೀಲ ಯಾರದು? ನಿನ್ನದೇ ತಾನೆ. ಊರಿಗೆಲ್ಲ ನಾನು ಸಾಂಟಾ ಮೋನಿಕಾ ಕಡಲ ಕಟ್ಟೆ ಮೇಲೆ ಕೂತ ಹಕ್ಕಿ ನೋಡಿ ಬರೆದೆ ಅಂತೀನಿ. ಆ ಕಟುಕ ನೆನಪಿದ್ದಾನಾ ನಿನಗೆ? ನಿನ್ನ ಸನ್ನೆ ತಿಳೀದೆ ಕಿರುಚೋಕೆ ಶುರು ಮಾಡಿದನಲ್ಲ! ಕಿರುಚಿದ್ರೆ ಕೇಳಿಸುತ್ತೆ ಅನ್ನೋ ಹಾಗೆ! ನೀನು ತಣ್ಣಗೆ ಹ್ಯಾಂಡ್‌ಬ್ಯಾಗ್ ತೆಗೆದು, ಟೋಪಿಯ ಪುಕ್ಕ ಒಂದು ಇಟ್ಟೆ. ಅದರ ಪಕ್ಕ ಒಂದು ಕಾಲುಚೀಲ ಇಟ್ಟೆ. ಕೋಳಿ ಕಾಲು! ಅಂಗಡಿಗೆ ಅಂಗಡಿಯೇ ಬಿದ್ದು ಬಿದ್ದು ನಕ್ಕಿತು. ಕಟುಕನೂ ನಕ್ಕ. ಅವತ್ತೇ ತಾನೆ ನಾನು ಇದೇ ಮೇಜಿನ ಮೇಲೆ ಮೊದಲ ಡಿಗ್ಬಿಯನ್ನ ಬರೆದದ್ದು. ನೀನು ನೋಡಿ, ಗದ್ದದ ಕೆಳಗಿನ ಚರ್ಮ ಹಿಡಿದು ಜಗ್ಗಿ, ಇದೇ ಅವನ ಹೆಸರು ಅಂದೆ. ಈಗ ಈ ಊರಿನ ಕಿವಿ ಕೇಳದ ನಿಮ್ಮವರೆಲ್ಲ ಅವನನ್ನ ಹಾಗೇ ಕರೆಯೋದು.

ಗೊತ್ತು. ಗೊತ್ತು ಕಣೇ, ಶನಿವಾರ ಹೊಸ ಚಿತ್ರ ಅಂತ ನನಗೂ ನೆನಪಿದೆ! ಥಿಯೇಟರಿನ ಮುಂದಿನ ಎರಡು ಸಾಲು ನಿಮ್ಮ ಕ್ಲಬ್ಬಿಗೇ ಹಿಡಿದಿಟ್ಟಿದ್ದೀಯ. ಮಿಸೆಸ್ ಟಿಲ್ಫರ್ಡ್ ಪಸಡೀನಾದಿಂದ ಬರ್ತಾಳೆ. ಅಚ್ಚುಕೂಟದ ವೆಂಡೆಲ್ ಮೊಮ್ಮಗಳನ್ನ ಕರ್ಕೊಂಡು ಬರ್ತಾನೆ. ಯಾಕೆ ಹಾಗೆ ಒಂದೊಂದೇ ಹೆಸರು ಎಣಿಸ್ತೀಯ ನನ್ನ ಮುಂದೆ? ನಾನೇನು ಅವರ ಶತ್ರುನಾ? ಮೊದಲು ಚಿತ್ರದ ನಡುವೆ ಅಕ್ಷರ ಬರ್ತಿತ್ತು, ಎಲ್ಲರ ಜೊತೆ ನೀವೂ ಓದ್ತಿದ್ರಿ, ಅಳ್ತಿದ್ರಿ. ಈಗ ಅಕ್ಷರ ಕಿತ್ತು ಹಾಕಿದ್ರು. ಬರೀ ಬಾಯಿ. ಅದೂ ಅರ್ಧ ಹೊತ್ತು ನಟರು ಬೆನ್ನು ತಿರುಗಿಸಿಕೊಂಡು ಮಾತಾಡ್ತಾರೆ. ವೆಂಡೆಲ್ ಟೋಪಿ ತೊಡೆ ಮೇಲಿಟ್ಟುಕೊಂಡು ಕಲ್ಲಿನ ಹಾಗೆ ಕೂತಿರ್ತಾನೆ, ಡಿಗ್ಬಿ ಬರೋವರೆಗೂ. ಡಿಗ್ಬಿ ಬಂದ್ರೆ ನಿಮ್ಮ ಸಾಲು ಹಿಂದಿನ ಸಾಲಿಗಿಂತ ಮೊದಲು ನಗುತ್ತೆ. ನಾನು ನೋಡೋದು ಪರದೆಯನ್ನಲ್ಲ ಯೂಲಾ. ಯಾವತ್ತೂ ನಾನು ಆ ಸಾಲನ್ನೇ ನೋಡೋದು.

ಅದಕ್ಕೇ ಹೇಳ್ತಿದ್ದೀನಿ, ನನ್ನ ಕೈಯಲ್ಲಿ ಏನೂ ಇರಲಿಲ್ಲ ಅಂತ!

ಹೂಂ. ಶನಿವಾರದ್ದೇ. ಶನಿವಾರದ ಚಿತ್ರದಲ್ಲೇ ಮಾತಾಡ್ತಾನೆ. ಇವತ್ತು ಮಾತು ಸೇರಿಸಿದ್ರು. ಕತ್ತಲ ಕೋಣೆ, ಒಂದು ಮೈಕು, ಪರದೆ ಮೇಲೆ ಚಿತ್ರ ಓಡ್ತಿರುತ್ತೆ, ಅದಕ್ಕೆ ಸರಿಯಾಗಿ ಮಾತು ಹೇಳಬೇಕು. ಮಾತು ಬಂತಲ್ಲ, ಇನ್ನು ವಸ್ತು ಯಾಕೆ ಅಂತ ಕ್ರಾಂಡಲ್ ಕತ್ತರಿ ಹಿಡಿದು ಕೂತ. ಏಣಿ ಬೇಕು ಅಂತ ಬಾಯಲ್ಲೇ ಹೇಳ್ತಾನೆ, ಏಣಿ ತೆಗೆಯೋ ಭಾಗ ಹೋಯ್ತು. ಇಸ್ತ್ರಿಪೆಟ್ಟಿಗೆ ಹೋಯ್ತು. ಕುರ್ಚಿಗಳು...

ಕುರ್ಚಿಗಳೂ ಹೋದವು. ಹೂಂ.

ಏನು? ಸ್ಕಾರ್ಫಾ? ಗಂಟಲು ನೋವು ಕಣೇ. ಆಗಲೇ ಹೇಳಿದೆನಲ್ಲ. ಜುಲೈ ತಿಂಗಳಲ್ಲಿ ಗಂಟಲು ಕೆಡಬಾರದು ಅಂತ ಕಾನೂನಿದೆಯಾ? ನಿಂಬೆರಸಕ್ಕೆ ಜೇನು ಹಾಕಿ ಕುಡಿದ್ರೆ ಸರಿಹೋಗುತ್ತೆ. ಬೇಡ, ಮುಟ್ಟಬೇಡ. ಮುಟ್ಟಬೇಡ ಅಂದ್ನಲ್ಲ! ನಿನಗೆ ಇದೊಂದು ಚಟ. ಆ ಕಿವುಡರ ಸ್ಕೂಲಿನಲ್ಲಿ ಕೈಸನ್ನೆ ಮಾಡಿದ್ರೆ ಬೆರಳಿಗೆ ರೂಲುದೊಣ್ಣೆಯಲ್ಲಿ ಹೊಡೆದು, ಟೀಚರಮ್ಮನ ಗಂಟಲ ಮೇಲೆ ಕೈ ಇಡಿಸಿ ಮಾತು ಕಲಿಸಿದ್ರು ನಿಮಗೆ. ಅಲ್ಲಿ ಕಲಿತದ್ದರಲ್ಲಿ ನೀನು ಉಳಿಸಿಕೊಂಡಿರೋದು ಇದೊಂದೇ. ತುಟಿ ಏನು ಬೇಕಾದ್ರೂ ಹೇಳಲಿ, ಗಂಟಲು ಮುಟ್ಟಿದ್ರೆ ಸುಳ್ಳು ಗೊತ್ತಾಗುತ್ತೆ ಅಂತೀಯ. ಪೊಲೀಸಿನವರಿಗೂ ಇಲ್ಲದ ವಿದ್ಯೆ!

ಮದುವೆಯ ಹೊಸತರಲ್ಲಿ ಹೀಗೇ ಕೈಯಿಟ್ಟು ಏನಂದಿದ್ದೆ ನೆನಪಿದೆಯಾ? ನಿನ್ನ ದನಿ ಹೇಗಿದೆ ಗೊತ್ತಾ ಹಾರ್ಲನ್, ದೂರದಲ್ಲಿ ಟ್ರಾಮ್ ಹೋಗುವಾಗ ನಮ್ಮ ಕಬ್ಬಿಣದ ಮಂಚ ಸಣ್ಣಗೆ ನಡುಗುತ್ತಲ್ಲ, ಹಾಗೆ. ಅದು ಹೊಗಳಿಕೆಯೋ ಬೈಗುಳವೋ ನನಗೆ ಇನ್ನೂ ತಿಳಿದಿಲ್ಲ... ನಗು ಬಂತಲ್ಲ? ನಗು. ಚೂರು ನಗು. ಬೆಳಗ್ಗಿಂದ ನಗೋ ಮುಖ ಒಂದೂ ನೋಡಿಲ್ಲ ನಾನು.

ಯಾರು ಮಾತಾಡಿದ್ದು ಅಂದ್ರೆ... ತುಂಬ ಜನ ಬಂದಿದ್ರು ಕಣೇ, ಕೇಳಬೇಡ. ಒಳ್ಳೇ ಸಂತೆ. ಮೊದಲು ಬಂದವನು ರೇಡಿಯೋದಲ್ಲಿ ಹಲ್ಲುಪುಡಿ ಮಾರೋನು. ಅವನ ದನಿ ಹೇಗೆ ಹೇಳಲಿ ನಿನಗೆ... ಸ್ನಾನ ಮಾಡುವಾಗ ಸೋಪು ಹಿಡಿದಷ್ಟೂ ಜಾರುತ್ತಲ್ಲ, ಆ ಥರ. ಡಿಗ್ಬಿಗೆ ಆ ದನಿಯಾ! ಎರಡನೆಯವನು ಅಯೋವಾದವನು, ಹಂದಿಗಳನ್ನ ಕೂಗಿ ಕರೆಯೋ ಪಂದ್ಯದಲ್ಲಿ ಪದಕ ಗೆದ್ದೋನು. ಪದಕ ಹಾಕಿಕೊಂಡೇ ಬಂದಿದ್ದ! ಬಾಗಿಲ ಮುಂದೆ ಕಲ್ಲಿದ್ದಲ ಲಾರಿ ಹೋದಾಗ ನೆಲ ಅದುರಿ ನಿನ್ನ ಅಂಗಾಲಿಗೆ ಬರುತ್ತಲ್ಲ, ಅದು ಅವನ ದನಿ. ಮೈಕು ಸತ್ತೇ ಹೋಯ್ತು, ಹೊಸದು ತಂದ್ರು. ಆಮೇಲೆ ಕ್ರಾಂಡಲ್‌ನ ಭಾಮೈದ. ಚಮಚದಲ್ಲಿ ತಟ್ಟೆ ಕೆರೆದ್ರೆ ಹಲ್ಲು ಜುಮ್ ಅನ್ನುತ್ತೆ ಅಂತೀಯಲ್ಲ, ಅದೇ. ಥೂ. ನನ್ನ ಡಿಗ್ಬಿ ಅಲ್ಲಿ ಪರದೆ ಮೇಲೆ ಕೊಕ್ಕು ಆಡಿಸ್ತಾ ನಿಂತಿದ್ದಾನೆ, ಪಾಪ, ಒಬ್ಬೊಬ್ಬನೂ ಬಂದು ಅವನ ಬಾಯಿಗೆ ಕಸ ತುಂಬ್ತಿದ್ದಾನೆ.

ಕೊನೆಗೆ ಒಬ್ಬ ಸಿಕ್ಕ. ಅಷ್ಟೆ.

ಯಾರೋ. ರೇಡಿಯೋದವನೇ. ಹೆಸರು ಯಾರಿಗೆ ಬೇಕು, ಇನ್ನೊಬ್ಬ ಹಲ್ಲುಪುಡಿಯವನು ಅಂದ್ಕೋ. ಕ್ರಾಂಡಲ್‌ಗೆ ಹಿಡಿಸಿತು, ಎಲ್ಲರಿಗೂ ಹಿಡಿಸಿತು, ಮುಗೀತು. ಮಧ್ಯಾಹ್ನಕ್ಕೆಲ್ಲ ಮುಗಿದೇ ಹೋಯ್ತು. ಆ ಆಲೂಗಡ್ಡೆ ಈ ಕಡೆ ತಳ್ಳು ಸ್ವಲ್ಪ.

ಅವನ ದನೀನಾ? ಅದು ತಿಳಿದು ನಿನಗೇನಾಗಬೇಕು ಮಾರಾಯ್ತಿ? ಸರಿ, ಸರಿ, ಹೇಳ್ತೀನಿ. ಕೆಟ್ಟದಾಗಿರಲಿಲ್ಲ. ಗಟ್ಟಿ ದನಿಯಲ್ಲ. ಜೋರು ಮಾಡಲ್ಲ. ಹೇಗೆ ಅಂದ್ರೆ... ದೂರದಲ್ಲಿ ಟ್ರಾಮ್ ಹೋಗುವಾಗ, ಕೈಯಿಟ್ರೆ ಮಾತ್ರ ಗೊತ್ತಾಗೋ ಹಾಗೆ ಸಣ್ಣಗೆ ನಡುಗ...

...

ಏನು?

ಯಾಕೆ ಹಾಗೆ ನೋಡ್ತೀಯ? ಬಾಯಿತಪ್ಪಿ ಬಂತು. ಈಗ ತಾನೆ ಆ ಮಾತು ಆಡಿದ್ನಲ್ಲ, ಅದೇ ನಾಲಿಗೆಗೆ ಬಂತು. ಟ್ರಾಮ್ ಅಂದ್ರೆ ಟ್ರಾಮ್, ಪ್ರಪಂಚದಲ್ಲಿ ಒಬ್ಬನಿಗೇನಾ ಆ ದನಿ ಇರೋದು? ಏನಾದ್ರೂ ಹೇಳು. ಯೂಲಾ... ಕೈಯೆತ್ತು. ಕೈ ಯಾಕೆ ಮಡಿಲಲ್ಲಿ ಇಟ್ಟುಬಿಟ್ಟೆ? ಬೈಯಿ ಬೇಕಾದ್ರೆ! ನೀನು ಬೈಯುವಾಗ ಬಳೆ ಬಟ್ಟಲಿಗೆ ತಗಲಿ ಸದ್ದಾಗುತ್ತೆ. ನಿನಗೆ ಗೊತ್ತಿಲ್ಲ, ನಿನ್ನ ಕೈ ಎಷ್ಟು ಸದ್ದು ಮಾಡುತ್ತೆ ಅಂತ. ಈ ಮನೆ ಇಷ್ಟು ಸುಮ್ಮನಾಗಿ ನಾನು ನೋಡೇ ಇಲ್ಲ.

ಮುಟ್ಟು. ತಗೋ, ಸ್ಕಾರ್ಫ್ ತೆಗೆದೆ. ಕೈಯಿಡು. ಹಾಂ. ಈಗ ಕೇಳು: ಕ್ರಾಂಡಲ್ ಬಲವಂತ ಮಾಡಿದ, ಕೆಲಸದಿಂದ ತೆಗೀತೀನಿ ಅಂದ, ನಾನು ಬೇಡ ಬೇಡ ಅಂದ್ರೂ ಹಿಡಿದು ಮೈಕಿನ ಮುಂದೆ ನಿಲ್ಲಿಸಿ...

ತಲೆ ಆಡಿಸಬೇಡ ಹಾಗೆ.

ಸರಿ. ಬಲವಂತ ಇಲ್ಲ. ಯಾರೂ ಕೇಳಲಿಲ್ಲ. ನನ್ನನ್ನ ಯಾರೂ ಕೇಳಲೇ ಇಲ್ಲ ಯೂಲಾ, ನಾನೇ ಎದ್ದು ಹೋದೆ. ಆ ಭಾಮೈದ ಕೆರೆದು ಕೆರೆದು ಕೊಲ್ಲುತ್ತಿದ್ದ, ಕ್ರಾಂಡಲ್ ಕೈ ಚೆಲ್ಲಿ, ಹೋಗಲಿ, ಈ ಚಿತ್ರ ಮೂಕವಾಗಿಯೇ ಹೋಗಲಿ, ಸಾಕು ಅಂದ. ಅಂದ! ಅವನ ಬಾಯಿಂದಲೇ ಬಂತು! ನಾನು ಸುಮ್ಮನೆ ಕೂತಿದ್ರೆ ಆಗಿತ್ತು. ಶನಿವಾರ ನಿಮ್ಮ ಸಾಲು ನಗ್ತಿತ್ತು, ಕುರ್ಚಿಗಳು ಉಳೀತಿದ್ದವು. ಕುರ್ಚಿಯಿಂದ ಎದ್ದದ್ದು ಹೇಗೆ ಅಂತಾನೂ ನನಗೆ ಗೊತ್ತಿಲ್ಲ. ಮೈಕಿನ ಹತ್ತಿರ ಹೋಗಿ ಬಾಯಿ ಬಿಟ್ಟೆ, ಅಷ್ಟೆ, ಇಡೀ ಕೋಣೆ ನಕ್ಕುಬಿಟ್ಟಿತು. ಪಿಟೀಲಿನವರು, ಡೋಲಿನವನು, ಬಾಗಿಲು ಕಾಯೋನು... ನನಗೆ, ನನ್ನ ದನಿಗೆ! ಈ ಮನೇಲಿ ಹಾಡಿದ್ರೂ ಕೂಗಿದ್ರೂ ಗೋಡೆಗೆ ಹೋಗಿ ಬೀಳೋ ದನಿ. ಇನ್ನೊಂದ್ಸಲ ಅಂದ್ರು, ಮತ್ತೆ ಮಾಡಿದೆ. ಸಾಕು ಅಂದ ಮೇಲೂ ಮಾಡಿದೆ. ಅದಕ್ಕೇ ಗಂಟಲು ಹೋಗಿರೋದು.

ಖುಷಿಯಾಯ್ತು ನನಗೆ. ಮುಟ್ಟಿ ನೋಡು, ಇದು ಸುಳ್ಳಲ್ಲ.

ಏನು ಹೇಳ್ತಾನೆ ಅಂತಾನಾ? ಮೊದಲ ಮಾತಾ? ಅದು ಬೇಡ ಬಿಡು. ಕ್ರಾಂಡಲ್ ಬರೆದದ್ದು, ನಾನಲ್ಲ. ಬೇಡ ಯೂಲಾ... ಆಯ್ತು. ತೆಗೀಬೇಡ, ಕೈ ಅಲ್ಲೇ ಇರಲಿ. ಪರದೆ ತುಂಬ ಅವನ ಮುಖ ಬರುತ್ತೆ. ಕೊಕ್ಕು ತೆಗೀತಾನೆ. ಜನರ ಕಡೆ ನೋಡಿ ಅಂತಾನೆ...

“ಹಲೋ, ಹಲೋ! ಎಲ್ಲರಿಗೂ ಕೇಳಿಸ್ತಾ ಇದೆಯಾ?”

...

ಹೌದು. ಇದೇ ಮಾತು. ಇದಕ್ಕೇ ಎಲ್ಲರೂ ನಕ್ಕಿದ್ದು.

ಎಲ್ಲಿಗೆ? ಎಲ್ಲಿಗೆ ಎದ್ದೆ? ಓ... ಹ್ಯಾಂಡ್‌ಬ್ಯಾಗಾ. ಏನು ತೆಗೀತೀಯ? ತೆಗಿ. ಇಸ್ತ್ರಿಪೆಟ್ಟಿಗೆ ಇದ್ರೂ ತೆಗಿ, ನನ್ನ ತಲೆ ಮೇಲೆ ಹಾಕು, ನಾನು ಏನೂ ಅನ್ನಲ್ಲ. ಯಾಕೆ ಬೋರಲು ಹಾಕ್ತಿದ್ದೀಯ? ಬಾಚಣಿಗೆ, ಕರವಸ್ತ್ರ, ಪುಕ್ಕ... ಇದನ್ನ ಇನ್ನೂ ಇಟ್ಟುಕೊಂಡಿದ್ದೀಯಾ... ಏನು ಹೇಳ್ತಿದ್ದೀಯ, ಇದರಲ್ಲಿ ಯಾವುದು ನನಗೆ? ಚೀಲ ಯಾಕೆ ನನ್ನ ಕಡೆ ಅಗಲಿಸಿ ಹಿಡಿದಿದ್ದೀಯ, ಒಳಗೆ ಏನೂ ಇಲ್ಲವಲ್ಲ, ಖಾಲಿ...

ಬೇಡ. ಮುಚ್ಚಬೇಡ. ಅದು ಮಾತ್ರ ಬೇಡ ಯೂಲಾ, ಅದು ಡಿಗ್ಬಿಯದು, ಅದು ಎಲ್ಲ ಮುಗಿದ ಮೇಲೆ...

ತಟ್ ಅಂತು. ಎಷ್ಟು ಜೋರಾಗಿ ತಟ್ ಅಂತು ನಿನಗೆ ಗೊತ್ತಿಲ್ಲ.

ನೋಡು ಇಲ್ಲಿ. ನನ್ನ ತುಟಿ ನೋಡು. ನಾಳೆ ಬೆಳಗ್ಗೆ ಮೊದಲ ಟ್ರಾಮಿಗೆ ಹೋಗ್ತೀನಿ, ಕ್ರಾಂಡಲ್‌ನ ಕಾಲು ಹಿಡೀತೀನಿ, ಕುರ್ಚಿ ಎರಡನ್ನಾದ್ರೂ... ಕಣ್ಣು ಮುಚ್ಚಬೇಡ. ಯೂಲಾ, ಮುಚ್ಚಬೇಡ, ತೆಗಿ... ಇಗೋ, ಮೇಜು ಕುಟ್ತೀನಿ. ಕುಟ್ತಿದ್ದೀನಿ ನೋಡು. ಇಗೋ... ಇಗೋ...

ಯೂಲಾ?

ಕೇಳಿಸ್ತಾ ಇದೆಯಾ?